ಮೋಟಾರಿಗೆ ಒಗ್ಗರಣೆ

ನಮ್ಮ ಕಾಕಾ ಜೀವಮಾನದಲ್ಲಿ ಯಾರಿಗೂ ಒಂದು ಪೆಟ್ಟು ಕೊಟ್ಟವರಲ್ಲ. ಮಕ್ಕಳಿಗೆ ಕೊಟ್ಟಿಲ್ಲ, ಬೀದಿನಾಯಿಗೆ ಕೊಟ್ಟಿಲ್ಲ. ಇದರಲ್ಲೇನು ವಿಶೇಷ, ಅಂಥ ಸಾಧುಗಳು ಊರಿಗೆ ನಾಲ್ಕು ಮಂದಿ ಇರುತ್ತಾರೆ ಅನ್ನುತ್ತೀರಾ? ಸ್ವಲ್ಪ ತಡೆಯಿರಿ. ನಮ್ಮ ಕಾಕಾ ಮೊಳೆಗೂ ಪೆಟ್ಟು ಕೊಟ್ಟವರಲ್ಲ! ಹೈದರಾಬಾದಿನ ಕಾಚಿಗೂಡದ ಅವರ ಮನೆಯಲ್ಲಿ ಕ್ಯಾಲೆಂಡರಿನಿಂದ ಹಿಡಿದು ದೇವರ ಪಟದವರೆಗೆ ಎಲ್ಲವೂ ಸ್ಕ್ರೂಗಳ ಮೇಲೆ ತೂಗುತ್ತವೆ. ಮೊಳೆ ಹೊಡೆಯುವುದು ಅವರ ಪ್ರಕಾರ ಜಬರ್ದಸ್ತಿ, ಸ್ಕ್ರೂ ತಿರುಗಿಸುವುದು ಮಾತುಕತೆ. ಗೋಡೆ ಒಪ್ಪುವತನಕ ಮಾತುಕತೆ ನಡೆಯುತ್ತದೆ. ಒಂದು ಪಟ ತೂಗುಹಾಕಲು ಇಡೀ ಮಧ್ಯಾಹ್ನ ಹಿಡಿಯುತ್ತದೆ.

ನಾನಾದರೋ ಹೊಡೆಯುವ ಪೈಕಿ. ಟಿವಿಯಲ್ಲಿ ಚಿತ್ರ ಕುಣಿದರೆ ಅದರ ತಲೆಗೊಂದು, ರೇಡಿಯೋ ಗೊರಗೊರ ಅಂದರೆ ಅದರ ಬೆನ್ನಿಗೊಂದು. ಶಾಲೆಯಲ್ಲಿ ಪಾಠ ಹೇಳುವವಳು ನಾನು, ಅಲ್ಲಿ ಕೈ ಎತ್ತುವಂತಿಲ್ಲ, ಎಲ್ಲಾದರೂ ಎತ್ತಬೇಕಲ್ಲ? ಕಾಕಾ ನನ್ನ ಅಪ್ಪನ ತಮ್ಮ. ನಮ್ಮ ಮನೆ ಅವರ ಮನೆಯಿಂದ ಎರಡು ಓಣಿ ಆಚೆ. ಭಾನುವಾರ ಅಲ್ಲಿ ಊಟ ಮಾಡಿ, ಕಾಕಾ ಏನಾದರೂ ಬಿಚ್ಚಿಕೊಂಡು ಕೂತಿದ್ದರೆ ಬ್ಯಾಟರಿ ಹಿಡಿದು ಬೆಳಕು ತೋರಿಸುವುದು ಮೊದಲಿನಿಂದಲೂ ನನ್ನ ಕೆಲಸ.

ಕಾಕಾ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದರು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಸರಿ ಇಲ್ಲದವನ್ನು ವಾಪಸ್ ಕಳಿಸುವುದು ಅವರ ಉದ್ಯೋಗ. ಈ ಉದ್ಯೋಗ ಸಂಜೆ ಬಸ್ಸು ಹತ್ತಿ ಅವರ ಜೊತೆ ಮನೆಗೂ ಬರುತ್ತಿತ್ತು. ಒಮ್ಮೆ ತಾಟಿನಲ್ಲಿದ್ದ ಜೋಳದ ರೊಟ್ಟಿಯ ದಪ್ಪವನ್ನು ವರ್ನಿಯರ್‌ನಿಂದ ಅಳೆದು, "ಈ ಕಡೆ ಒಂದೀಟು ಹೆಚ್ಚು ಐತಿ ನೋಡು" ಎಂದರಂತೆ. ಕಾಕು, ಅಂದರೆ ಕಾಕಾರ ಹೆಂಡತಿ, ತಾಟನ್ನೇ ಎತ್ತಿಕೊಂಡು ಒಳಗೆ ಹೋದರು. "ವಾಪಸ್ ಕಳಿಸಿದ್ದು ವಾಪಸ್ ಬರೂದಿಲ್ಲರಿ" ಅಂದರಂತೆ. ಅಂದಿನಿಂದ ರೊಟ್ಟಿಗಳೆಲ್ಲ ತಪಾಸಣೆಯಿಲ್ಲದೆ ಪಾಸಾಗುತ್ತಿವೆ.

ಹಟ ಹಿಡಿದ ವಸ್ತುಗಳೆಂದರೆ ಕಾಕಾಗೆ ಪ್ರಾಣ. ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟ, ತಿರುಗದ ಉಪ್ಪಿನಕಾಯಿ ಭರಣಿ ಮುಚ್ಚಳ, ತೆಗೆಯಲು ಬಾರದ ಕೀಲಿ, ಓಣಿಯವರೆಲ್ಲ ಇಂಥವನ್ನು ಹೊತ್ತು ಅವರ ಮನೆಗೆ ಬರುತ್ತಾರೆ. ಒಮ್ಮೆ ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ಬಾಗಿಲ ಕೀಲಿ ಕೆಟ್ಟು ಗಿರಾಕಿಯೊಬ್ಬ ಒಳಗೇ ಉಳಿದುಬಿಟ್ಟ. ಲಾಡ್ಜಿನ ಹುಡುಗರು ಬಾಗಿಲು ಒಡೆಯಲು ನಿಂತಿದ್ದರು. ಕಾಕಾ ಅವರನ್ನೆಲ್ಲ ಸರಿಸಿ, ಹೊಸ್ತಿಲಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ಕೀಲಿಗೆ ಎಣ್ಣೆ ಬಿಡುತ್ತ, ಒಳಗಿದ್ದವನ ಜೊತೆ ಮಾತಿಗಿಳಿದರು. ಯಾವ ಊರು, ಮಕ್ಕಳೆಷ್ಟು, ಈ ಸಲ ತೊಗರಿ ಹೇಗೆ. ಬಾಗಿಲು ತೆರೆದಾಗ ಆ ಮನುಷ್ಯನ ರೈಲು ಹೊರಟುಹೋಗಿ ಬಹಳ ಹೊತ್ತಾಗಿತ್ತು. ಅವನು ಸಿಟ್ಟಾದನೇ? ಇಲ್ಲ, ಕಾಕಾರ ಮನೆಗೆ ಊಟಕ್ಕೆ ಬಂದ. ಈಗಲೂ ಸುಗ್ಗಿಯಾದ ಮೇಲೆ ತೊಗರಿಬೇಳೆ ತಂದುಕೊಟ್ಟು ಹೋಗುತ್ತಾನೆ.

ಇಂಥ ಕಾಕಾಗೂ ಒಂದು ವಿಷಯದಲ್ಲಿ ಸಿಟ್ಟು ಬರುತ್ತದೆ. ಅದು ತಪ್ಪು ಎಣ್ಣೆ. ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ತೆಲುಗು ಮಾಸ್ತರರು ಒಂದು ಸಲ ಟೇಬಲ್ ಫ್ಯಾನಿಗೆ ಕೊಬ್ಬರಿ ಎಣ್ಣೆ ಹಾಕಿದರು. ಪಾಪ, ತಲೆಗೆ ಹಚ್ಚಿಕೊಂಡು ಉಳಿದದ್ದನ್ನು ದಂಡ ಮಾಡಬಾರದು ಅಂತ. ಕಾಕಾ ಅವರನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಣ್ಣೆಗಳ ಜಾತಿ, ಗುಣ, ಸ್ವಭಾವಗಳ ಮೇಲೆ ಮಾಡಿದ ಉಪನ್ಯಾಸ ಎಷ್ಟು ದೀರ್ಘವಾಗಿತ್ತೆಂದರೆ, ಅದು ಮುಗಿಯುವಷ್ಟರಲ್ಲಿ ಫ್ಯಾನಿನ ಅಗತ್ಯವೇ ಇಲ್ಲದಂತೆ ಹೊತ್ತು ಮುಳುಗಿ ತಂಪಾಗಿತ್ತು. ಮಾಸ್ತರರು ಆಮೇಲೆ ಕಾಕಾರೆದುರು ತಲೆಗೆ ಎಣ್ಣೆ ಹಚ್ಚಿಕೊಂಡು ಓಡಾಡುವುದಕ್ಕೂ ಅಂಜುತ್ತಿದ್ದರು.

ಮನೆಗೆ ವಾಷಿಂಗ್ ಮಷೀನ್ ಬಂದ ಕತೆಯೂ ಸಿಕ್ಕಿಕೊಂಡ ವಸ್ತುವಿನದೇ. ಆಗ ಕಾಕಾರ ತಮ್ಮಂದಿರು, ಮಕ್ಕಳು, ಬಂದುಹೋಗುವವರು ಎಲ್ಲರ ಬಟ್ಟೆಯನ್ನೂ ಕಾಕುವೇ ಕೈಯಿಂದ ಒಗೆಯಬೇಕಿತ್ತು. ಒಂದು ದಿನ ಅವರ ಬೆರಳಿನ ಉಂಗುರ ಹೊರಬಾರದಾಯಿತು. ಅಕ್ಕಸಾಲಿಗ ಕತ್ತರಿಸೋಣ ಎಂದ. ಕಾಕಾ ಒಪ್ಪಲಿಲ್ಲ. ಸಾಬೂನು ಹಚ್ಚಿ, ಬೆರಳಿಗೆ ದಾರ ಸುತ್ತಿ, ಒಂದೊಂದೇ ಸುತ್ತು ಬಿಚ್ಚುತ್ತ, ಕಾಕುವಿಗೆ ಒಂದಿಷ್ಟೂ ನೋವಾಗದಂತೆ ಉಂಗುರ ತೆಗೆದರು. ತೆಗೆದ ಮೇಲೆ ಉಂಗುರವನ್ನು ನೋಡಲಿಲ್ಲ, ಕಾಕುವಿನ ಬಾತುಕೊಂಡ ಬೆರಳುಗಳನ್ನೇ ನೋಡುತ್ತ ಕೂತಿದ್ದರು. ಕೆಲವೇ ದಿನಗಳಲ್ಲಿ ಸಿಕಂದರಾಬಾದಿನ ಹರಾಜಿನಿಂದ ಈ ಮಷೀನ್ ಆಟೋದಲ್ಲಿ ಬಂದಿಳಿಯಿತು. ಎರಡು ತೊಟ್ಟಿಯದು, ಒಂದರಲ್ಲಿ ಒಗೆಯುವುದು, ಇನ್ನೊಂದರಲ್ಲಿ ಹಿಂಡುವುದು. ಓಣಿಯಲ್ಲಿ ಅದೇ ಮೊದಲನೆಯದು. ಹೆಂಗಸರೆಲ್ಲ ಅದು ತಿರುಗುವುದನ್ನು ನೋಡಲು ಬಂದು, ಚಹಾ ಕುಡಿದು ಹೋಗುತ್ತಿದ್ದರು.

ಬಂದ ದಿನವೇ ಕಾಕಾ ಅದರ ಹಿಂಭಾಗದ ತಗಡು ಬಿಚ್ಚಿಟ್ಟರು. ಮಷೀನಿಗೂ ಗಾಳಿ ಬೇಕಂತೆ. ಹಾಗಾಗಿ ಒಳಗಿನ ಮೋಟಾರು, ಅದರ ಶಾಫ್ಟಿನ ತುದಿಗೆ ಪಟ್ಟಿ ಸುತ್ತಿಕೊಳ್ಳುವ ಪುಲ್ಲಿ, ಎಲ್ಲವೂ ಬಯಲಿಗೇ ಕಾಣುತ್ತಿದ್ದವು. ಕಾಕು ಆ ಮಷೀನನ್ನು ಮನೆಗೆ ಬಂದ ಸೊಸೆಯಂತೆ ನೋಡಿಕೊಂಡರು. ಪ್ರತಿ ವರ್ಷ ಖಂಡೇನವಮಿಗೆ, ಆಯುಧಪೂಜೆಯ ಹೊತ್ತಿನಲ್ಲಿ, ಮೋಟಾರಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಪುಲ್ಲಿಯ ಬುಡಕ್ಕೆ ಒಂದು ಚಮಚ ಎಣ್ಣೆ ಬಿಡುವರು. ಹಾಗೆ ಬಿಡಲು ಹೇಳಿಕೊಟ್ಟವರು ಕಾಕಾನೇ. ಆದರೆ ಅವರು ಆ ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಕಾರ್ಖಾನೆಯ ಪೂಜೆ ಅವರಿಲ್ಲದೆ ನಡೆಯುವುದುಂಟೇ?

ಕಾಕುವಿನ ಬಗ್ಗೆ ಇನ್ನೊಂದು ಮಾತು ಹೇಳಿಬಿಡಬೇಕು. ರಾಯಚೂರು ಕಡೆಯ ತವರುಮನೆಯಿಂದ ಅವರಿಗೆ ವರ್ಷಕ್ಕೊಮ್ಮೆ ಗಾಣದ ಕುಸುಬಿ ಎಣ್ಣೆ ಬರುತ್ತದೆ. ಆ ಡಬ್ಬಿಯ ಕಾವಲು ಎಂಥದು ಅಂತೀರಿ! ನಮಗೆಲ್ಲ ಅಂಗಡಿಯ ಎಣ್ಣೆ. ಕುಸುಬಿ ಎಣ್ಣೆ ಏನಿದ್ದರೂ ದೇವರ ನೈವೇದ್ಯಕ್ಕೆ, ಅಳಿಯ ಬಂದಾಗ ಚಟ್ನಿಪುಡಿಯ ಮೇಲಕ್ಕೆ. ಕಾಕಾಗೆ ಚಿಕ್ಕಂದಿನಲ್ಲಿ ಅವರವ್ವ ಅದೇ ಎಣ್ಣೆಯಿಂದ ತಲೆ ತಿಕ್ಕುತ್ತಿದ್ದರಂತೆ. ಆ ಆಸೆ ಇನ್ನೂ ಹೋಗಿಲ್ಲ.

"ಒಂದು ಚಮಚ ಕೊಡು, ನೆತ್ತಿಗೆ ತಟ್ಟಿಕೋತೀನಿ" ಎಂದು ಕೇಳುವರು.

"ಬೆಳಿ ಇಲ್ಲದ ಹೊಲಕ್ಕ ನೀರು ಯಾಕರಿ?" ಎಂದು ಕಾಕು ಅವರ ಬೋಳುತಲೆ ನೋಡಿ ಮುಚ್ಚಳ ಹಾಕುವರು.

ಕಾಕಾ ನಿವೃತ್ತರಾದ ಬೇಸಿಗೆ. ಊರಲ್ಲಿ ನೀರಿಗೆ ಬರ, ನಲ್ಲಿ ದಿನ ಬಿಟ್ಟು ದಿನ ಬರುವುದು, ಬಂದರೂ ಅಡುಗೆಗೆ ಸಾಕಾಗುವಷ್ಟೇ. ಕಾಕು ಮಷೀನಿಗೆ ಹಳೆಯ ಸೀರೆ ಹೊದಿಸಿ ಸುಮ್ಮನಿರಿಸಿದರು. ಮಳೆ ಬಿದ್ದು, ನೀರು ಬಂದು, ಸೀರೆ ತೆಗೆದು ಗುಂಡಿ ತಿರುಗಿಸಿದರೆ ಮೋಟಾರು ಗೂಂ ಅಂದಿತೇ ಹೊರತು ತಿರುಗಲಿಲ್ಲ. ಕಾಕಾ ಕೈಯಿಂದ ತಿರುಗಿಸಿ ನೋಡಿದರು. ಕಲ್ಲು! ಮೋಟಾರಿನ ಹೊಟ್ಟೆ ಬಿಚ್ಚಬೇಕಾದರೆ ಮೊದಲು ಶಾಫ್ಟಿನ ತುದಿಯ ಪುಲ್ಲಿ ಹೊರಗೆ ಬರಬೇಕು. ಆ ಪುಲ್ಲಿಯೂ ಶಾಫ್ಟನ್ನು ಕಚ್ಚಿಹಿಡಿದು ಕೂತಿತ್ತು.

ಬೇರೆ ವರ್ಷವಾಗಿದ್ದರೆ ಕಾಕಾ ಖುಷಿಯಿಂದ ಆರು ತಿಂಗಳು ಮಾತುಕತೆ ನಡೆಸುತ್ತಿದ್ದರು. ಆದರೆ ಈ ಸಲ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತನವೆಂದರೆ ದುಪ್ಪಟ್ಟಿ, ಲಂಗೋಟಿಗಳ ರಾಶಿ. ಕಾಕುವಿನ ಬೆರಳುಗಳು ಮೊದಲಿನಂತಿಲ್ಲ.

"ನೋಡ್ರಿ, ಆಕಿ ಬರೂದ್ರೊಳಗ ಇದು ತಿರಗಬೇಕು. ಇಲ್ಲಂದ್ರ ಹಳೇ ಸಾಮಾನಿನ ಬಂಡಿಯಂವಗ ಹೇಳಿಟ್ಟೀನಿ, ಒಯ್ತಾನ" ಎಂದರು ಕಾಕು.

ಬಾಯಲ್ಲಿ ಹಾಗಂದರೂ ಅವರ ಮುಖ ಸಣ್ಣದಾಗಿತ್ತು. ಅಡುಗೆಮನೆಗೆ ನಾನು ಹೋದಾಗ ಮೆಲ್ಲಗೆ ಕೇಳಿದರು, "ವರ್ಷಾ ವರ್ಷಾ ಪೂಜಿ ಮಾಡೀನಿ, ಎಣ್ಣಿ ಬಿಟ್ಟೀನಿ. ನಾ ಏನ್ ಕಡಿಮಿ ಮಾಡಿದ್ನೆವ್ವಾ ಅದಕ್ಕ?" ನಿಮ್ಮದೇನೂ ತಪ್ಪಿಲ್ಲ ಕಾಕು, ಹಳೆಯದಾಗಿದೆ ಅಷ್ಟೇ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ತನ್ನ ಕೈಯಲ್ಲಿದ್ದದ್ದು ಕೆಟ್ಟಿತಲ್ಲ ಅನ್ನುವುದೇ ಅವರಿಗೆ ದೊಡ್ಡದಾಗಿತ್ತು.

ಕಾಕಾ ಮೋಟಾರನ್ನು ಪುಲ್ಲಿ ಸಮೇತ ಮಷೀನಿನಿಂದ ಕಳಚಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಮೊದಲು ಓಣಿಯ ಕೊನೆಯ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದರು. ಬೆಳಕು ಹಿಡಿಯುವ ನಾನೂ ಹಿಂದೆಯೇ ಹೋದೆ. ಅಂಗಡಿಯ ಉಸ್ತಾದ್ ಪುಲ್ಲಿಯನ್ನು ಒಮ್ಮೆ ಅಲುಗಿಸಿ ನೋಡಿ, ಸುತ್ತಿಗೆಗೆ ಕೈ ಹಾಕಿದ. "ಏಕ್ ಹಥೋಡಾ ಮಾರೇ ತೋ ಬಾಹರ್ ಆಜಾತಾ, ಸಾಬ್." ಒಂದೇ ಏಟಿಗೆ ಹೊರಗೆ ಬರುತ್ತದಂತೆ.

ಕಾಕಾ ತಕ್ಷಣ ಮೋಟಾರಿನ ಮೇಲೆ ಟವೆಲ್ ಎಳೆದರು, ಕೂಸಿನ ಕಣ್ಣಿಗೆ ಕೆಟ್ಟದ್ದು ಬೀಳಬಾರದು ಅನ್ನುವ ಹಾಗೆ. "ಹಮಾರೇ ಘರ್ ಮೇ ಮಾರ್‌ಪೀಟ್ ನಹೀ ಕರ್ತೇ, ಉಸ್ತಾದ್" ಎಂದು, ನಮ್ಮ ಮನೆಯಲ್ಲಿ ಹೊಡೆತ ಬಡಿತ ಇಲ್ಲ ಅಂತ ತಿಳಿಸಿ, ಅದನ್ನು ಎತ್ತಿಕೊಂಡು ಹೊರಟೇಬಿಟ್ಟರು. ಉಸ್ತಾದ್ ನನ್ನ ಮುಖ ನೋಡಿದ. ನಾನು ಸುತ್ತಿಗೆಯನ್ನು ಆಸೆಯಿಂದ ನೋಡಿದೆ.

ಆಮೇಲೆ ಶುರುವಾಯಿತು ಉಪಚಾರ. ಪುಲ್ಲಿಯ ಬುಡಕ್ಕೆ ಬೆಳಗ್ಗೆ ಸೀಮೆಎಣ್ಣೆ, ಸಂಜೆ ಸೀಮೆಎಣ್ಣೆ. ನಡುನಡುವೆ ಕಟ್ಟಿಗೆಯ ತುಂಡಿನಿಂದ ಮಗುವಿನ ಬೆನ್ನು ತಟ್ಟಿದಂತೆ ಎರಡು ತಟ್ಟು. ಇದು ಪೆಟ್ಟಲ್ಲವೇ ಎಂದು ಕೇಳಿದ್ದಕ್ಕೆ, "ಎಬ್ಬಸಾಕತ್ತೀನಿ, ಹೊಡ್ಯಾಕತ್ತಿಲ್ಲ" ಎಂದರು. ಮೂರು ಕಾಲಿನ ಎಳೆಯುವ ಸಾಧನವೊಂದನ್ನು ತಾವೇ ಮಾಡಿ ಪುಲ್ಲಿಗೆ ಸಿಗಿಸಿದರು. ಅದರ ಸ್ಕ್ರೂವನ್ನು ದಿನಕ್ಕೆ ಒಂದಿಷ್ಟು ತಿರುಗಿಸುವುದು, ಪುಲ್ಲಿಗೆ ಯೋಚನೆ ಮಾಡಲು ರಾತ್ರಿ ಬಿಡುವುದು. ಪುಲ್ಲಿ ಏನು ಯೋಚಿಸಿತೋ, ಕೂದಲೆಳೆಯಷ್ಟೂ ಕದಲಲಿಲ್ಲ. ಊಟದ ಟೇಬಲ್ಲಿನ ಅರ್ಧ ಮೋಟಾರಿನ ಪಾಲಾಗಿತ್ತು. ಸಾರಿನಲ್ಲಿಯೂ ಸೀಮೆಎಣ್ಣೆ ವಾಸನೆ.

ಕದಲದಿದ್ದಷ್ಟೂ ಕಾಕಾರ ಸಂಶಯ ಬೆಳೆಯಿತು. "ಇದು ಬರೀ ತುಕ್ಕಲ್ಲ ತಂಗಿ. ಯಾರೋ ಇದಕ್ಕ ಏನೋ ಹಾಕ್ಯಾರ. ತೆಗದ ಮ್ಯಾಲೆ ಗೊತ್ತಾಗತೈತಿ. ಅವಾಗ ನೋಡು, ನಾ ಬಿಡಾಂವಲ್ಲ."

ಯಾರೋ ಅಂದರೆ ಯಾರು? ಕೆಳಗಿನ ಮಾಸ್ತರರೇ! ಕಾಕಾ ಡ್ಯೂಟಿಯಲ್ಲಿದ್ದಾಗ ಒಮ್ಮೆ ಮಷೀನಿನ ಪಟ್ಟಿ ಜಾರಿತ್ತು, ಅವರು ಬಂದು ಕೂರಿಸಿಕೊಟ್ಟಿದ್ದರು. ಬರುವಾಗ ಕೈಯಲ್ಲಿ ಕೊಬ್ಬರಿ ಎಣ್ಣೆ ಶೀಶೆ ಇರಲಿಲ್ಲ ಅನ್ನುವುದಕ್ಕೆ ಏನು ಸಾಕ್ಷಿ? ಕಾಕಾ ಉಪನ್ಯಾಸ ಸಿದ್ಧಮಾಡತೊಡಗಿದರು. ನನ್ನೆದುರೇ ತಾಲೀಮು ನಡೆಯಿತು. ಎಣ್ಣೆಯ ಅಜ್ಞಾನದಿಂದ ಮನೆ ಹೇಗೆ ಹಾಳಾಗುತ್ತದೆ, ಊರು ಹೇಗೆ ಹಾಳಾಗುತ್ತದೆ, ಕೊನೆಗೆ ದೇಶ. ಸುಳಿವು ಹತ್ತಿದ ಮಾಸ್ತರರು ಮೆಟ್ಟಿಲ ಬಳಿ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದಂತೆ ದಾಟುತ್ತಿದ್ದರು.

ಮಗಳು ಬರುವ ಹಿಂದಿನ ದಿನ ಭಾನುವಾರ. ಹಳೇ ಸಾಮಾನಿನ ಬಂಡಿಯವನು ಬೆಳಗ್ಗೆಯೇ ಬಂದು ಗೇಟಿನ ಹೊರಗೆ ಬಂಡಿ ನಿಲ್ಲಿಸಿ, ಬೀಡಿ ಹಚ್ಚಿ ಕೂತಿದ್ದ. ಕಾಕು ಅವನಿಗೆ ಚಹಾ ಕಳಿಸಿದ್ದರು. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಚುರ್ರೆಂದಿತು. ಕಾಕಾ ತಟ್ಟನೆ ತಲೆ ಎತ್ತಿದರು. ಎದ್ದು ಹೋಗಿ, ಕಾಕು ಒಗ್ಗರಣೆ ಸುರಿದು ಆಗತಾನೇ ಕೆಳಗಿಟ್ಟ ಕಬ್ಬಿಣದ ಸೌಟನ್ನು ಎತ್ತಿಕೊಂಡರು.

"ಅದನ್ಯಾಕ ತಗೊಂಡ್ರಿ? ಅದು ಅಡಗಿ ಸೌಟು!"

"ಕಾಸಬೇಕು. ಪುಲ್ಲಿ ಬಿಸಿ ಆದ್ರ ಉಬ್ಬತೈತಿ, ಹಿಡತ ಬಿಡತೈತಿ. ಕೊಡತೀನಿ, ತೊಳದು ಕೊಡತೀನಿ."

ಮೋಟಾರಿನ ಸೀಮೆಎಣ್ಣೆಯನ್ನೆಲ್ಲ ಒರೆಸಿ ಒಣಗಿಸಿದರು. ಒರೆಸಿ ಸ್ವಚ್ಛ ಮಾಡಿದ ಸೌಟನ್ನು ಗ್ಯಾಸಿನ ಮೇಲೆ ಕಾಯಿಸಿ ತಂದು ಪುಲ್ಲಿಗೆ ಒತ್ತಿಹಿಡಿದರು. ಆರಿದೊಡನೆ ಮತ್ತೆ ಕಾಯಿಸುವುದು, ಮತ್ತೆ ಒತ್ತುವುದು. ಕಾಕಾ ಅಡುಗೆಮನೆಗೂ ಟೇಬಲ್ಲಿಗೂ ಸೌಟು ಹಿಡಿದು ಓಡಾಡುತ್ತಿದ್ದರೆ ನಾನು ಬೆಳಕು ಹಿಡಿದು ನಗು ತಡೆದುಕೊಂಡಿದ್ದೆ. ಆಗ ಪುಲ್ಲಿಯ ಬುಡದಿಂದ ತೆಳ್ಳಗೆ ಹೊಗೆಯಾಡಿತು. ಟಕ್ ಅಂತ ಒಂದು ಸಣ್ಣ ಸದ್ದು. ಕಾಕಾ ಎಳೆಯುವ ಸಾಧನದ ಸ್ಕ್ರೂವನ್ನು ಒಂದು ಸುತ್ತು ತಿರುಗಿಸಿದರು. ಅಷ್ಟು ದಿನ ಹಟ ಹಿಡಿದಿದ್ದ ಪುಲ್ಲಿ ಮೆಲ್ಲಗೆ, ತಾನೇ ಮನಸ್ಸು ಮಾಡಿದಂತೆ, ಹೊರಗೆ ಬಂದು ಅವರ ಕೈಯಲ್ಲಿನ ಬಟ್ಟೆಗೆ ಬಿತ್ತು.

ನಾನು ಹೋ ಅನ್ನಬೇಕು ಅಂತ ಬಾಯಿ ತೆರೆದವಳು ಹಾಗೇ ನಿಂತೆ. ಮೂಗಿಗೆ ಒಂದು ವಾಸನೆ ಬಡಿದಿತ್ತು. ಸೀಮೆಎಣ್ಣೆಯದಲ್ಲ, ತುಕ್ಕಿನದಲ್ಲ. ಕುಸುಬಿ ಎಣ್ಣೆಯ ಒಗ್ಗರಣೆಯ ವಾಸನೆ! ಬಗ್ಗಿ ನೋಡಿದೆ. ಶಾಫ್ಟಿನ ಸುತ್ತ, ಅದರ ಬುಡದ ಸಂದಿಯೊಳಗೆ, ಕಂದುಬಣ್ಣದ ಗಟ್ಟಿ ಪೊರೆ, ಒಂದರ ಮೇಲೊಂದು. ಅದು ಏನೆಂದು ನಮ್ಮ ಕಡೆಯ ಯಾವ ಹೆಣ್ಣುಮಗಳಿಗೂ ಹೇಳಿಕೊಡಬೇಕಿಲ್ಲ. ಕುಸುಬಿ ಎಣ್ಣೆಯ ಡಬ್ಬಿಯ ಅಂಚಿಗೆ ಅಂಟಿಕೊಳ್ಳುವ ಪೊರೆ ಅದು, ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಬಾಯಿಗೆ ಅಷ್ಟು ರುಚಿಯಾದ ಆ ಎಣ್ಣೆ ಗಾಳಿ ತಾಗಿದರೆ ದಿನ ಕಳೆದಂತೆ ಒಣಗಿ ವಾರ್ನಿಷ್ ಆಗಿಬಿಡುತ್ತದೆ. ವರ್ಷಕ್ಕೊಂದು ಚಮಚ ಬಿದ್ದದ್ದು, ಮಷೀನ್ ತಿರುಗುತ್ತಿದ್ದಷ್ಟು ದಿನ ಹೇಗೋ ನಡೆದು, ಬೇಸಿಗೆಯಲ್ಲಿ ಸುಮ್ಮನೆ ನಿಂತಾಗ ಪೂರಾ ಬಿಗಿದುಕೊಂಡಿತ್ತು.

ಕಾಕಾ ಪುಲ್ಲಿಯನ್ನು ಮೂಗಿನ ಹತ್ತಿರ ಹಿಡಿದರು. ಒಮ್ಮೆ ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು.

ಅಷ್ಟರಲ್ಲಿ ಕಾಕು ಸೆರಗಿಗೆ ಕೈ ಒರೆಸುತ್ತ ಬಂದೇಬಿಟ್ಟರು. "ಬಂತೇನ್ರಿ? ಏನಾಗಿತ್ತರಿ ಅದಕ್ಕ?" ಆಮೇಲೆ ಮೂಗು ಅರಳಿಸಿ, "ಇದೇನ್ರಿ, ಒಗ್ಗರಣಿ ವಾಸನಿ ಬರಾಕತ್ತೈತಿ?" ಎಂದರು.

ನನ್ನ ನಾಲಗೆಯ ತುದಿಗೆ ಬಂದಿತ್ತು. ನಾಲಗೆಯೂ ನನ್ನ ಕೈಯ ಹಾಗೆಯೇ, ತಡೆಯುವುದು ಕಷ್ಟ. ಕಾಕಾ ಟೇಬಲ್ಲಿನ ಕೆಳಗೆ ನನ್ನ ಕಾಲನ್ನು ಮೆಲ್ಲಗೆ ಒತ್ತಿದರು.

"ನಿನ್ನ ಸೌಟಿನ ವಾಸನಿ ಅದು. ಬರೇ ತುಕ್ಕು ಇತ್ತು. ಹೈದರಾಬಾದಿನ ನೀರು, ಏನ್ ಮಾಡೂದು?"

"ನಾ ಎಣ್ಣಿ ಬಿಟ್ಟಿದ್ದು ಏನೂ ಉಪಯೋಗ ಆಗಲಿಲ್ಲೇನ್ರಿ?"

"ಅದು ಬಿಟ್ಟಿದ್ದಿ ಅಂತನ ಇಷ್ಟು ವರ್ಷ ನಡದೈತಿ. ಇಲ್ಲಂದ್ರ ಯಾವಾಗೋ ಹೋಗತಿತ್ತು."

ಕಾಕುವಿನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಬಂಡಿಯವನಿಗೆ ಊಟ ಹಾಕಿ, ಎರಡು ಹಳೆಯ ಬಕೆಟ್ ಕೊಟ್ಟು ಕಳಿಸಿದರು. ಸ್ವಲ್ಪ ಹೊತ್ತಿಗೆ ಕೆಳಗಿನ ಮಾಸ್ತರರು ಮೆಟ್ಟಿಲ ಮೇಲೆ ಅರ್ಧ ಮುಖ ತೋರಿಸಿ, "ಏಮೈಂದಂಡಿ?" ಎಂದು, ಏನಾಯಿತೆಂದು ವಿಚಾರಿಸಿದರು. "ತುಕ್ಕು" ಎಂದರು ಕಾಕಾ. ಮಾಸ್ತರರು ಬಿಟ್ಟ ನಿಟ್ಟುಸಿರು ನನಗೆ ಮೇಲಿನವರೆಗೂ ಕೇಳಿಸಿತು. ಅಷ್ಟು ದಿನ ತಾಲೀಮು ನಡೆಸಿದ ಉಪನ್ಯಾಸದಲ್ಲಿ ಉಳಿದದ್ದು ಆ ಒಂದೇ ಮಾತು.

ಸಂಜೆ ಕಾಕಾ ತಿನ್ನರಿನಲ್ಲಿ ಬಟ್ಟೆ ಅದ್ದಿ ಆ ಪೊರೆಯನ್ನು ಒರೆಸುತ್ತಿದ್ದಾಗ ನಾನು ಪಿಸುಗುಟ್ಟಿದೆ, "ಕಾಕಾ, ಅದು ಕುಸಬಿ ಎಣ್ಣಿ."

"ಗೊತ್ತೈತಿ ತಂಗಿ. ಎಣ್ಣಿ ಬಿಡು ಅಂತ ಹೇಳಿದಾಂವ ನಾನು. ಯಾವ ಎಣ್ಣಿ ಅಂತ ಹೇಳಲಿಲ್ಲ." ಬಟ್ಟೆಯನ್ನು ಮತ್ತೆ ತಿನ್ನರಿಗೆ ಅದ್ದಿದರು. "ಅಂಗಡಿ ಎಣ್ಣಿ ಹಾಕಬೌದಿತ್ತು ಆಕಿ. ಮನ್ಯಾಗ ಇರೂದ್ರಾಗ ಎಲ್ಲಾಕಿಂತ ಚೊಲೋದು ತಗದು ಹಾಕ್ಯಾಳ. ನನಗೂ ಕೊಡದ್ದು."

ನನಗೆ ಆಗ ಕಾಕಾರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಬ್ಯಾಟರಿಯ ಬೆಳಕನ್ನು ಇನ್ನಷ್ಟು ಹತ್ತಿರ ಹಿಡಿದು ನಿಂತೆ. ಮರುದಿನ ಮಗಳು ಬರುವ ಹೊತ್ತಿಗೆ ಮಷೀನ್ ತಿರುಗುತ್ತಿತ್ತು.

ಆ ವರ್ಷದ ಖಂಡೇನವಮಿಗೆ ಕಾಕಾ ಮೊದಲ ಬಾರಿಗೆ ಮನೆಯಲ್ಲಿದ್ದರು. ಒಳಗೆ ಮೊಮ್ಮಗ ತೊಟ್ಟಿಲಲ್ಲಿ ಮಲಗಿದ್ದ. ಕಾಕು ಮೋಟಾರಿಗೆ ಹೂ ಏರಿಸಿ, ಡಬ್ಬಿಯಿಂದ ಚಮಚ ತುಂಬಿಕೊಂಡು ಬಂದು ಪುಲ್ಲಿಯ ಕಡೆ ಕೈ ಚಾಚಿದರು. ನಾನು ತಡೆಯಲು ಮುಂದೆ ಹೋದೆ. ಕಾಕಾ ಮಾತ್ರ ನಿರಾಳವಾಗಿ, "ಅಲ್ಲಿ ಬ್ಯಾಡ, ಇನ್ನ ಮ್ಯಾಲೆ ಇಲ್ಲಿ ಹಾಕು" ಎಂದು ತೋರಿಸಿದರು. ಮೋಟಾರಿನ ಪಕ್ಕದಲ್ಲಿ ಸಣ್ಣದೊಂದು ಹಿತ್ತಾಳೆಯ ಬಟ್ಟಲು, ಉಜ್ಜಿ ಫಳಫಳ ಹೊಳೆಯುವಂಥದು, ಸ್ಕ್ರೂನಿಂದ ಕೂರಿಸಿದ್ದು.

"ಇದೇನ್ರಿ ಹೊಸಾದು?"

"ಎಣ್ಣಿ ಬಟ್ಟಲ. ಇಲ್ಲಿ ಹಾಕಿದ್ರ ಎಲ್ಲಿ ಹೋಗಬೇಕೋ ಅಲ್ಲಿಗೆ ತಾನ ಹೋಗತೈತಿ."

ಕಾಕು ಭಕ್ತಿಯಿಂದ ಎಣ್ಣೆ ಬಿಟ್ಟು ಕೈ ಮುಗಿದರು. ಅವರು ಒಳಗೆ ಹೋದ ಮೇಲೆ ನಾನು ಬ್ಯಾಟರಿ ಹಾಕಿ ನೋಡಿದೆ. ಬಟ್ಟಲಿನ ತಳದಿಂದ ಹೊರಟ ಸಣ್ಣ ನಳಿಕೆ ಮೋಟಾರನ್ನು ಮುಟ್ಟದೆ, ಪಟ್ಟಿಯನ್ನು ದಾಟಿ, ಹಿಂದಿನ ಕಾಲಿಗೆ ಕಟ್ಟಿದ ಪುಟ್ಟ ಶೀಶೆಯೊಳಗೆ ಇಳಿದಿತ್ತು. ಇಡೀ ಮಷೀನಿನಲ್ಲಿ ಅಷ್ಟು ಅಂದವಾದ ಭಾಗ ಇನ್ನೊಂದಿಲ್ಲ, ಅದಕ್ಕೆ ಕಾಕುವಿನ ಎಣ್ಣೆ ಹಿಡಿಯುವುದನ್ನು ಬಿಟ್ಟು ಬೇರೆ ಕೆಲಸವೂ ಇಲ್ಲ.

ಮಧ್ಯಾಹ್ನ ಮಾಳಿಗೆಗೆ ಹೋದರೆ, ಕಾಕಾ ಬಿಸಿಲಿಗೆ ಬೆನ್ನು ಮಾಡಿ ಕೂತು, ಆ ಶೀಶೆಯನ್ನು ಅಂಗೈಗೆ ಬಗ್ಗಿಸಿಕೊಂಡು, ಕಣ್ಣು ಮುಚ್ಚಿ ಬೋಳುನೆತ್ತಿಗೆ ತಟ್ಟಿಕೊಳ್ಳುತ್ತಿದ್ದರು! ಹಪ್ಪಳ ಒಣಹಾಕಲು ಕಾಕು ನನ್ನ ಹಿಂದೆಯೇ ಬಂದರು.

"ಏನ್ರಿ, ಕುಸಬಿ ಎಣ್ಣಿ ವಾಸನಿ ಬರಾಕತ್ತೈತಲ್ಲ?"

"ಮೋಟಾರಿಂದು ಇರಬೇಕು" ಎಂದರು ಕಾಕಾ, ತಿರುಗದೆ.

ಕಾಕು ಆ ಹೊಳೆಯುವ ತಲೆಯನ್ನು ಸ್ವಲ್ಪ ಹೊತ್ತು ನೋಡಿದರು. ಹಪ್ಪಳ ಹರವಿ ಕೆಳಗೆ ಹೋದರು.

ಮರುವರ್ಷದ ಖಂಡೇನವಮಿಗೆ ಅವರು ಚಮಚ ತರಲಿಲ್ಲ. ಒಗ್ಗರಣೆ ಸೌಟಿನ ತುಂಬ ಕುಸುಬಿ ಎಣ್ಣೆ ತಂದು, ಒಂದು ಹನಿಯೂ ಚೆಲ್ಲದಂತೆ ಬಟ್ಟಲಿಗೆ ಸುರಿದರು. ಕಾಕಾ ಬೆರಗಾಗಿ ನೋಡಿದರು.

"ಮೋಟಾರಿಗೆ ವಯಸ್ಸಾತಲ್ಲರಿ," ಎಂದರು ಕಾಕು, ಅವರ ಕಡೆ ನೋಡದೆ. "ಎಣ್ಣಿ ಒಂದೀಟು ಹೆಚ್ಚು ಬೇಕಾಗತೈತಿ."